ಬಾವುಟದ ರೇಷ್ಮೆ: 'ಮೊಮ್ಮೆ'ಗೆ ಕನ್ನಡ ಬೇಕೇ? 'ಅಂಚು' ಅಂದರೆ ಯಾವ ಅಂಚು?

ಎಲ್ಲರಿಗೂ ನಮಸ್ಕಾರ. ಆರಾಧನೆಯಲ್ಲಿ, ಕುಣಿತದಲ್ಲಿ ಬೀಸುವ ರೇಷ್ಮೆ ಬಾವುಟಗಳನ್ನು ಕೈಯಾರೆ ಹೊಲಿಯುವವರಿಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಬಟ್ಟೆ ಕೊಳ್ಳುವ ಭಾಗಕ್ಕೆ ಬಂದಾಗ ಎರಡು ಪದ ಕಾಲಿಗೆ ತೊಡರಿಕೊಂಡಿವೆ.

ಮೊದಲನೆಯದು ಮೊಮ್ಮೆ. ರೇಷ್ಮೆಯ ತೂಕ ಹೇಳುವ ಜಪಾನಿ ಅಳತೆ ಇದು. 1 ಮೊಮ್ಮೆ ಅಂದರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. ಬಾವುಟಕ್ಕೆ ಹೆಚ್ಚಾಗಿ 5 ಅಥವಾ 8 ಮೊಮ್ಮೆಯ ಹಬೊಟಾಯಿ (ತೆಳ್ಳನೆಯ, ಸಾದಾ ನೇಯ್ಗೆಯ ರೇಷ್ಮೆ ಬಟ್ಟೆ) ಕೊಳ್ಳುತ್ತಾರೆ. 5 ಆದರೆ ಬೀಸಿದ ಮೇಲೂ ಗಾಳಿಯಲ್ಲಿ ತೇಲುತ್ತಾ ಇಳಿಯುತ್ತದೆ. 8 ಆದರೆ ಕೈಗೆ ಸ್ವಲ್ಪ ಹಿಡಿತ ಸಿಗುತ್ತದೆ, ಬಣ್ಣವೂ ತುಂಬಿಕೊಂಡು ಕಾಣುತ್ತದೆ. "8 ತೂಕದ ರೇಷ್ಮೆ" ಎಂದು ಬರೆದರೆ, 8 ಏನು ಅಂತ ಕೇಳ್ತಾರೆ, ಅಲ್ವಾ? "ದಪ್ಪ" ಅನ್ನೋಣವೆಂದರೆ ಅದೂ ಸರಿಹೋಗದು. ಮೊಮ್ಮೆ ಅಷ್ಟೇ ಇದ್ದರೂ ಬಿಗಿಯಾಗಿ ಹುರಿಮಾಡಿದ ನೂಲಿನ ಶಿಫಾನ್ ಮುಟ್ಟಿದರೆ ತುಸು ತರಿ, ಹಬೊಟಾಯಿ ನುಣುಪು. ಸುಮ್ನೆ "ಮೊಮ್ಮೆ" ಎಂದೇ ಇಟ್ಟು, ಮೊದಲ ಸಲ ಗ್ರಾಂ ಲೆಕ್ಕ ಕೊಡುವುದು ವಾಸಿ ಅನಿಸುತ್ತದೆ. ನಾವು ಕಟ್ಟಿದ ಪದ ಅಂಗಡಿಯಲ್ಲಿ ನಡೆಯಬೇಕಲ್ಲ!

ಜಾಸ್ತಿ ತಲೆನೋವು ಎರಡನೆಯದು, ಅಂಚು. ಮಗ್ಗದಲ್ಲಿ ಹೊಕ್ಕಿನ (ಅಡ್ಡ) ನೂಲು ಹೊರಳಿ ಬರುವ ಕಡೆಯ ಅಂಚು ಬಿಚ್ಚಿಕೊಳ್ಳುವುದಿಲ್ಲ. ಕತ್ತರಿಸಿದ ಅಂಚು ಎಳೆ ಎಳೆಯಾಗಿ ಬಿಚ್ಚುತ್ತದೆ. ಅದಕ್ಕೆ ಪೀಕೋ ಬೇಕು, ಇಲ್ಲವೇ ಸಣ್ಣಗೆ ಸುರುಳಿ ಮಡಿಸಿ ಕೈಹೊಲಿಗೆ ಹಾಕಬೇಕು. ಎರಡನ್ನೂ ಅಂಚು ಎಂದರೆ ಹೊಲಿಯುವವರು ಯಾವುದನ್ನು ಹಿಡಿಯಬೇಕು?

ಒಂದು ಲೆಕ್ಕ ನೋಡಿ. 114 ಸೆಂ.ಮೀ. ಪನ್ನದ (ಅಗಲದ) ಬಟ್ಟೆಯಲ್ಲಿ 90 ಸೆಂ.ಮೀ. ಉದ್ದದ ಜೋಡಿ ಬಾವುಟ ಬೇಕು. ಪನ್ನವನ್ನು ಪೂರ್ತಿ ಉಳಿಸಿಕೊಂಡರೆ ಪ್ರತಿ ಬಾವುಟದ ಮೇಲೂ ಕೆಳಗೂ ಮಗ್ಗದ ಅಂಚೇ ಇರುತ್ತದೆ. ಕತ್ತರಿಸಿದ ಎರಡು ಬದಿಯಲ್ಲಿ ಒಂದು, ಕೋಲು ತೂರಿಸುವ ಮಡಿಕೆಯೊಳಗೆ ಅಡಗುತ್ತದೆ. ಪೀಕೋ ಉಳಿದದ್ದು ಒಂದೇ ಬದಿಗೆ. ಹಾಗಂತ 1.8 ಮೀಟರ್ ಸಾಲದು. ಮಡಿಕೆಗೆ, ಹೊಲಿಗೆಗೆ, ಒಗೆದಾಗ ಕುಗ್ಗುವುದಕ್ಕೆ ಸೇರಿಸಿ 2 ಮೀಟರ್ ಕೊಳ್ಳಬೇಕು, ಒಗೆದ ಮೇಲೇ ಕತ್ತರಿಸಬೇಕು.

ಇದನ್ನೆಲ್ಲ ಗೊಂದಲವಿಲ್ಲದೆ ಬರೆಯಲು ಸದ್ಯಕ್ಕೆ "ಮಗ್ಗದಂಚು", "ಕತ್ತರಿಯಂಚು" ಎಂದು ಇಟ್ಟುಕೊಂಡಿದ್ದೇನೆ. "ದಡಿ" ಅನ್ನಬಹುದಿತ್ತು, ಆದರೆ ಅದನ್ನು ಓದಿದ ಕೂಡಲೇ ಬಣ್ಣದ ಪಟ್ಟಿ ಕಣ್ಮುಂದೆ ಬರುತ್ತದೆ. ಬಾವುಟದ ಹಬೊಟಾಯಿಗೆ ಅಂಥ ಪಟ್ಟಿ ಇರುವುದಿಲ್ಲ. ನೇಯುವವರ, ಹೊಲಿಯುವವರ ಬಾಯಲ್ಲಿ ಈ ಎರಡು ಅಂಚುಗಳಿಗೆ ಬೇರೆ ಬೇರೆ ಹೆಸರು ಕೇಳಿದ್ದವರು ದಯವಿಟ್ಟು ತಿಳಿಸಿ. ನನ್ನವನ್ನು ಬಿಟ್ಟು ಅವನ್ನೇ ಹಾಕುತ್ತೇನೆ.