ವಹಿವಾಟಿನ ವ್ಯವಸ್ಥೆಗೆ ಓಕ್ಯಾಮಲ್ ಆಗಿಬರುತ್ತದೆಯೇ?

ಪ್ರಶ್ನೆ:
ಸಿ++ನಲ್ಲಿರುವ ನಮ್ಮ ಆರ್ಡರ್ (ಮಾರುಕಟ್ಟೆಗೆ ಕಳಿಸುವ ಕೊಳ್ಳುವ-ಮಾರುವ ಕೋರಿಕೆ) ನಿರ್ವಹಣಾ ವ್ಯವಸ್ಥೆಯನ್ನು ಹೊಸದಾಗಿ ಬರೆಯಬೇಕಾಗಿದೆ. ಓಕ್ಯಾಮಲ್ ಅಥವಾ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸೋಣ ಎಂದರೆ, ಗಾರ್ಬೇಜ್ ಕಲೆಕ್ಟರ್ (ಬಳಸಿ ಬಿಟ್ಟ ಮೆಮೊರಿಯನ್ನು ತಾನೇ ತೆರವು ಮಾಡುವ ಭಾಗ) ನಡುವೆ ಪ್ರೋಗ್ರಾಮನ್ನೇ ನಿಲ್ಲಿಸಿಬಿಟ್ಟರೆ ಗತಿಯೇನು ಎಂದು ತಂಡದವರು ಕೇಳುತ್ತಾರೆ. ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಖಂಡಿತ ಬಳಸಿ. ಜೇನ್ ಸ್ಟ್ರೀಟ್ ಎಂಬ ವಹಿವಾಟು ಸಂಸ್ಥೆ ಎರಡು ದಶಕಗಳಿಂದ ಓಕ್ಯಾಮಲ್‌ನಲ್ಲೇ ವಹಿವಾಟು ನಡೆಸುತ್ತಿದೆ. ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನಲ್ಲಿ 'ಮು' ಎಂಬ ಹ್ಯಾಸ್ಕೆಲ್‌ನ ಉಪಭಾಷೆಯೇ ಇದೆ.

ಆದರೆ ನನಗೆ ಮುಖ್ಯವೆನಿಸುವುದು ಟೈಪ್‌ಗಳು, ಅಂದರೆ ಯಾವ ದತ್ತಾಂಶ ಯಾವ ರೂಪದಲ್ಲಿರಬಹುದು ಎಂದು ಕಂಪೈಲರ್‌ಗೆ ಹೇಳುವ ನಿಯಮಗಳು. ರದ್ದತಿಯ ಕೋರಿಕೆ ವಿನಿಮಯ ಕೇಂದ್ರವನ್ನು ಮುಟ್ಟುವ ಮೊದಲೇ ಅದೇ ಆರ್ಡರ್‌ನ ಅರ್ಧ ಭಾಗ ಮಾರಾಟವಾಗಿಬಿಡಬಹುದು. ಈ ಸ್ಥಿತಿಯನ್ನು ಎರಡು ಮೂರು ಬೂಲಿಯನ್‌ಗಳಲ್ಲಿ (ಹೌದು-ಅಲ್ಲ ಬೆಲೆಗಳಲ್ಲಿ) ಹಿಡಿದಿಟ್ಟರೆ, ಅರ್ಥವೇ ಇಲ್ಲದ ಜೋಡಣೆಗಳೂ ಒಳನುಸುಳುತ್ತವೆ. ವೇರಿಯಂಟ್ ಆಗಿ, ಅಂದರೆ ಸಾಧ್ಯವಿರುವ ಸ್ಥಿತಿಗಳನ್ನು ಒಂದೊಂದಾಗಿ ಹೆಸರಿಸುವ ಟೈಪ್ ಆಗಿ ಬರೆದರೆ 'ರದ್ದತಿಗೆ ಕಾಯುತ್ತಿದೆ' ಎಂಬ ಸ್ಥಿತಿಯೊಳಗೇ ಉಳಿದ ಪ್ರಮಾಣ ಇರುತ್ತದೆ. ಮುಗಿದ ಆರ್ಡರ್‌ಗೆ ಅಂಥ ಪ್ರಮಾಣವೇ ಇರುವುದಿಲ್ಲ. ನಾಳೆ ಹೊಸ ಸ್ಥಿತಿಯೊಂದನ್ನು ಸೇರಿಸಿದರೆ, ಅದನ್ನು ನಿಭಾಯಿಸದ ಪ್ರತಿಯೊಂದು ಸಾಲನ್ನೂ ಕಂಪೈಲರ್ ಬೆರಳಿಟ್ಟು ತೋರಿಸುತ್ತದೆ. ಒಂದೇ ಷರತ್ತು: ಸ್ಥಿತಿಗಳನ್ನು ಒಂದೊಂದಾಗಿ ನಿಭಾಯಿಸುವ ಮ್ಯಾಚ್‌ನ ಕೊನೆಗೆ, 'ಉಳಿದುದೆಲ್ಲ' ಎಂಬರ್ಥದ ಅಂಡರ್‌ಸ್ಕೋರ್ ಹಾಕಿ ಕೈತೊಳೆದುಕೊಳ್ಳಬಾರದು. ಹಾಕಿದರೆ ಆ ಕಾವಲು ಅಲ್ಲಿಗೇ ಮುಗಿಯಿತು. ಕೋಡ್ ಪರಿಶೀಲನೆಯಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.

ಉತ್ತರ 2:
ಟೈಪ್‌ಗಳು ಎಲ್ಲವನ್ನೂ ಕಾಯುವುದಿಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷಗಳಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಹಳೆಯ ಫ್ಲ್ಯಾಗ್ (ಕೋಡ್‌ನ ಒಂದು ಭಾಗವನ್ನು ಚಾಲೂ ಮಾಡುವ ಗುರುತು) ಅನ್ನು ಹೊಸ ಕೆಲಸಕ್ಕೆ ಮರುಬಳಸಿದ್ದರು, ಹಾಗಾಗಿ ಆ ಸರ್ವರ್‌ನಲ್ಲಿ ಹಳೆಯ ಕೋಡ್ ಎದ್ದುಕೊಂಡಿತು. ಯಾವ ಕಂಪೈಲರ್ ಇದನ್ನು ಹಿಡಿಯುತ್ತಿತ್ತು?

ಉತ್ತರ 1:
ಒಪ್ಪುತ್ತೇನೆ, ಅದು ನಿಯೋಜನೆಯ, ಅಂದರೆ ಹೊಸ ಕೋಡನ್ನು ಸರ್ವರ್‌ಗಳಿಗೆ ಹಾಕುವ ಶಿಸ್ತಿಗೆ ಸೇರಿದ್ದು. ಫ್ಲ್ಯಾಗ್‌ನ ಅರ್ಥ ಬದಲಾದರೆ ಹೆಸರೂ ಬದಲಾಗಲೇಬೇಕು, ಭಾಷೆ ಯಾವುದೇ ಇರಲಿ.

ಪ್ರಶ್ನೆ ಕೇಳಿದವರು:
ಗಾರ್ಬೇಜ್ ಕಲೆಕ್ಟರ್ ವಿಷಯ ಹಾಗೆಯೇ ಉಳಿಯಿತಲ್ಲ?

ಉತ್ತರ 1:
ಬೆಲೆ ಬಂದ ಕ್ಷಣದಿಂದ ಆರ್ಡರ್ ಹೊರಡುವವರೆಗಿನ ದಾರಿಯಲ್ಲಿ ಹೊಸ ಮೆಮೊರಿ ಕೇಳದಂತೆ ಬರೆಯಿರಿ, ಆಗ ಕಲೆಕ್ಟರ್‌ಗೆ ಅಲ್ಲಿ ಕೆಲಸವೇ ಬೀಳುವುದಿಲ್ಲ. ಬಫರ್‌ಗಳನ್ನು ಮೊದಲೇ ತೆಗೆದಿಟ್ಟುಕೊಂಡು ಮರುಬಳಸಿ. ಬೆಲೆಯನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಬದಲು ಪೂರ್ಣಾಂಕವಾಗಿ ಇಡಿ. ಓಕ್ಯಾಮಲ್‌ನಲ್ಲಿ ಪೂರ್ಣಾಂಕಕ್ಕೆ ಹೀಪ್ (ಕಲೆಕ್ಟರ್ ನೋಡಿಕೊಳ್ಳುವ ಮೆಮೊರಿ) ಬೇಕಿಲ್ಲ. ದಶಮಾಂಶದ ದೋಷವೂ ತಪ್ಪುತ್ತದೆ. ಆ ಭಾಗ ನೋಡಲು ಸಿ ಭಾಷೆಯಂತೆಯೇ ಕಾಣುತ್ತದೆ, ಕಾಣಲಿ. ನಿಮ್ಮ ಸ್ಪರ್ಧೆ ನ್ಯಾನೊಸೆಕೆಂಡ್‌ಗಳದ್ದಾದರೆ ಮಾತ್ರ ಆ ತುಣುಕನ್ನು ಸಿ++ಗೋ ಎಫ್‌ಪಿಜಿಎಗೋ (ಬೇಕಾದಂತೆ ಹೊಂದಿಸಬಹುದಾದ ಚಿಪ್) ಬಿಟ್ಟುಕೊಡಿ. ಆರ್ಡರ್‌ನ ಸ್ಥಿತಿ, ಅಪಾಯದ ಮಿತಿ, ದಿನದ ಕೊನೆಯ ಲೆಕ್ಕ ಇವನ್ನು ಮಾತ್ರ ಬಿಟ್ಟುಕೊಡಬೇಡಿ.