ಡಗ್ಲಸ್‌ನ ಗದ್ಯದಲ್ಲಿ ಅಲಂಕಾರ ಗುರುತಿಸುವುದು ಹೇಗೆ?

ಮಂಜೇಶ್ವರದ ಓದುಗ:
ಕಾಸರಗೋಡಿನ ಡಿಗ್ರಿ ಮಕ್ಕಳಿಗೆ ಅಮೆರಿಕದಲ್ಲಿ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್‌ನ 1845ರ ಆತ್ಮಕಥನದ ಹತ್ತನೇ ಅಧ್ಯಾಯವನ್ನೂ 1852ರ ‘ಜುಲೈ ನಾಲ್ಕು’ (ಅಮೆರಿಕದ ಸ್ವಾತಂತ್ರ್ಯ ದಿನ) ಭಾಷಣವನ್ನೂ ಕನ್ನಡದಲ್ಲಿ ವಿವರಿಸಬೇಕಾಗಿದೆ. ಚೆಸಪೀಕ್ ಕೊಲ್ಲಿಯ ಹಡಗುಗಳಿಗೆ ಅವನಾಡುವ ಮಾತು ಆಂಟಿಥೆಸಿಸ್ (ವಿರುದ್ಧವಾದ ಎರಡನ್ನು ಎದುರುಬದುರು ಇಡುವುದು) ಅಂತೆ. ಸ್ವಲ್ಪ ಮುಂದೆ ಬರುವ “ಮನುಷ್ಯನನ್ನು ಗುಲಾಮನನ್ನಾಗಿ ಮಾಡಿದ್ದು ನೋಡಿದಿರಿ, ಗುಲಾಮನನ್ನು ಮನುಷ್ಯನನ್ನಾಗಿ ಮಾಡಿದ್ದು ನೋಡಲಿದ್ದೀರಿ” ಎಂಬುದೂ ಅದೇ ಅಂತೆ. ಭಾಷಣದ “ನಾನು ವಾದಿಸಬೇಕೆ?” ಬರೀ ರೆಟರಿಕಲ್ ಪ್ರಶ್ನೆಯಂತೆ, ಅಂದರೆ ಉತ್ತರ ಬಯಸದ ಪ್ರಶ್ನೆ. ಇಷ್ಟೇನಾ?

ಪಯಸ್ವಿನಿ:
ಹಡಗಿನ ಭಾಗ ಮೊದಲಿಗೆ ಅಪಾಸ್ಟ್ರಫಿ: ಕಿವಿಯಿಲ್ಲದ್ದನ್ನು ‘ನೀವು’ ಎಂದು ಮಾತಾಡಿಸುವುದು. ಆಂಟಿಥೆಸಿಸ್ ಅದರೊಳಗಿದೆ. ನೀವು ಕಟ್ಟು ಬಿಚ್ಚಿಕೊಂಡ ಸ್ವತಂತ್ರರು, ನಾನು ಸಂಕೋಲೆಯ ಗುಲಾಮ. ನೀವು ತಂಗಾಳಿಯ ಮುಂದೆ, ನಾನು ನೆತ್ತರಿನ ಚಾಟಿಯ ಮುಂದೆ. ಎರಡೂ ಎದುರುಬದುರು ನಿಂತೇ ಇರುತ್ತವೆ, ಯಾವುದೂ ಜಾಗ ಬಿಡುವುದಿಲ್ಲ.

ಇನ್ನೊಂದು ವಾಕ್ಯವನ್ನು ಬೋರ್ಡಿನಲ್ಲಿ ಎರಡು ಸಾಲಾಗಿ ಬರೆಸಿ. ಮೇಲೆ ಮನುಷ್ಯ, ಗುಲಾಮ. ಕೆಳಗೆ ಗುಲಾಮ, ಮನುಷ್ಯ. ಒಂದೇ ಪದಗಳಿಗೆ ಗೆರೆ ಎಳೆದರೆ ಗುಣಾಕಾರದ ಚಿಹ್ನೆ ಮೂಡುತ್ತದೆ. ಅದು ಕಯಾಸ್ಮಸ್, ಅವೇ ಪದಗಳು ತಿರುಗಿ ಬಂದಿರುವುದರಿಂದ ಇನ್ನೂ ನಿಖರವಾಗಿ ಆಂಟಿಮೆಟಬೊಲಿ. ವಾಕ್ಯ ಎಲ್ಲಿದೆ ಎನ್ನುವುದನ್ನೂ ಬರೆಸಲೇಬೇಕು. ಗುಲಾಮರನ್ನು ಪಳಗಿಸುವ ರೈತ ಕೋವಿ ಎಂಬವನು ಡಗ್ಲಸ್‌ನನ್ನು ಹಣ್ಣುಮಾಡಿದ ವಿವರ ಹಿಂದೆ, ಆ ಕೋವಿಯೊಡನೆ ನಡೆದ ಕಾದಾಟ ಮುಂದೆ. ಹಡಗುಗಳ ಎದುರು ಅಲುಗದಿದ್ದ ಜೋಡಿ ಇಲ್ಲಿ ತಲೆಕೆಳಗಾಗುತ್ತದೆ. ಇದನ್ನು ಬಿಟ್ಟು ಅಲಂಕಾರದ ಹೆಸರಷ್ಟೇ ಬರೆದರೆ ಅರ್ಧ ಉತ್ತರ.

ಕುಂಬಳೆ ಸೀಮೆ:
ಭಾಷಣದ್ದು ಪ್ಯಾರಲಿಪ್ಸಿಸ್, ಅಂದರೆ ‘ಹೇಳುವುದಿಲ್ಲ’ ಎನ್ನುತ್ತಲೇ ಹೇಳುವುದು. ಕವಿರಾಜಮಾರ್ಗ ಓದಿದ ಮಕ್ಕಳಿದ್ದರೆ ಆಕ್ಷೇಪಾಲಂಕಾರ ನೆನಪಿಸಬಹುದು; ಪೂರ್ತಿ ಒಂದಲ್ಲ, ಹತ್ತಿರದ್ದು. ಜುಲೈ 5ರಂದು ರಾಚೆಸ್ಟರ್‌ನ ಕಾರಿಂಥಿಯನ್ ಹಾಲ್‌ನಲ್ಲಿ ಅವನು ಕೇಳಿದ್ದು: ಗುಲಾಮ ಮನುಷ್ಯನೆಂದು ಸಾಧಿಸಬೇಕೆ? ಅದನ್ನು ಎಲ್ಲರೂ ಒಪ್ಪಿಯಾಗಿದೆ. ಹಾಗೆಂದವನು ಅಲ್ಲಿಗೇ ನಿಲ್ಲುವುದಿಲ್ಲ. ವರ್ಜೀನಿಯಾದಲ್ಲಿ 72 ಅಪರಾಧಗಳಿಗೆ ಕಪ್ಪುವರ್ಣೀಯನಿಗೆ ಮರಣದಂಡನೆ, ಅವುಗಳಲ್ಲಿ ಬಿಳಿಯನಿಗೆ 2ಕ್ಕೆ ಮಾತ್ರ. ಹೊಣೆ ಹೊರಬಲ್ಲ ಜೀವವೆಂದು ಒಪ್ಪದೆ ಈ ಶಿಕ್ಷೆ ಹೇಗೆ? ಗುಲಾಮನಿಗೆ ಅಕ್ಷರ ಕಲಿಸಬಾರದೆಂದು ದಕ್ಷಿಣದ ರಾಜ್ಯಗಳಲ್ಲಿ ಕಾನೂನುಗಳಿವೆ. ಹೊಲದ ದನಗಳಿಗೂ ಅಂಥದ್ದೊಂದು ತೋರಿಸಿ, ಆಮೇಲೆ ವಾದಿಸುತ್ತೇನೆ ಎನ್ನುತ್ತಾನೆ.

ನಮ್ಮ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನೇ ಹಿಡಿದು ಅವನ ಬಾಯಿ ಕಟ್ಟುವ ಕ್ರಮವಿದು. ಡಗ್ಲಸ್‌ಗೆ ಅದು ಎಳವೆಯಲ್ಲೇ ಸಿಕ್ಕಿತ್ತು. ಸುಮಾರು 12ರ ವಯಸ್ಸಿನಲ್ಲಿ ಓದಿದ ‘ಕೊಲಂಬಿಯನ್ ಆರೇಟರ್’ ಪುಸ್ತಕದಲ್ಲಿ ಒಡೆಯ ಮತ್ತು ಗುಲಾಮನ ಸಂವಾದವಿದೆ. ವಾದದಲ್ಲಿ ಗೆದ್ದ ಗುಲಾಮನಿಗೆ ಬಿಡುಗಡೆ ಸಿಗುತ್ತದೆ. ಇದನ್ನು ತರಗತಿಯಲ್ಲಿ ಇಬ್ಬರಿಂದ ಓದಿಸಿ, ಆಮೇಲೆ ಭಾಷಣಕ್ಕೆ ಬನ್ನಿ.

ಮಂಜೇಶ್ವರದ ಓದುಗ:
ಉಪಕಾರವಾಯಿತು. ಹಾಗಾದರೆ ಡಗ್ಲಸ್‌ನಂತೆಯೇ ಗುಲಾಮಗಿರಿಯಿಂದ ಪಾರಾಗಿ ಆತ್ಮಕಥನ ಬರೆದ ಹ್ಯಾರಿಯೆಟ್ ಜೇಕಬ್ಸ್ “ಓದುಗರೇ” ಎನ್ನುವುದೂ ಅಪಾಸ್ಟ್ರಫಿಯೇ?

ಬದಿಯಡ್ಕ:
ಕಟ್ಟುನಿಟ್ಟಾಗಿ ನೋಡಿದರೆ ಅಲ್ಲ. ಪುಸ್ತಕವೇ ಓದುಗರಿಗೆ ಬರೆದದ್ದು, ಹಾಗಾಗಿ ನೇರ ಸಂಬೋಧನೆ. 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದ ಆಕೆ, ನನ್ನ ಕಥೆ ಮುಗಿಯುವುದು ಸ್ವಾತಂತ್ರ್ಯದಲ್ಲಿ, ಎಂದಿನಂತೆ ಮದುವೆಯಲ್ಲಲ್ಲ ಎನ್ನುತ್ತಾಳೆ. ಭಾವುಕ ಕಾದಂಬರಿಗಳ ರೂಢಿಯನ್ನು ಆ ಒಂದು ಸಂಬೋಧನೆಯಲ್ಲೇ ಮುರಿಯುತ್ತಾಳೆ.

ಒಂದು ಎಚ್ಚರಿಕೆ. ಒಡೆಯನಿಂದ ತಪ್ಪಿಸಿಕೊಂಡು ಆಕೆ ಅಡಗಿದ್ದ ಅಟ್ಟ 9 ಅಡಿ ಉದ್ದ, 7 ಅಡಿ ಅಗಲ, ಅತಿ ಎತ್ತರದ ಕಡೆ 3 ಅಡಿ. ಅಲ್ಲಿದ್ದದ್ದು ಹತ್ತಿರ ಹತ್ತಿರ 7 ವರ್ಷ. ಮಕ್ಕಳು ಇದಕ್ಕೆ ಹೈಪರ್ಬೋಲಿ ಎಂದು ಬರೆಯುವ ಸಂಭವವಿದೆ. ಇಲ್ಲಿ ಅತಿಶಯೋಕ್ತಿ ಎಳ್ಳಷ್ಟೂ ಇಲ್ಲ. ಬರಿಯ ಅಳತೆಯೇ ಸಾಕೆಂದು ಆಕೆ ಅಲಂಕಾರಕ್ಕೆ ಕೈಹಾಕಿಲ್ಲ. ಬೆಂಚುಗಳನ್ನು ಸರಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ 9 ಅಡಿ, 7 ಅಡಿಯ ಚೌಕಟ್ಟು ಎಳೆಸಿ, ಗೋಡೆಯಲ್ಲಿ 3 ಅಡಿಗೆ ಗುರುತು ಹಾಕಿಸಿ.