ಡೋನರ್ ಎಗ್ ಅಂದ ಕೂಡಲೇ ಅತ್ತೆ ಮನೆದೇವರ ಮಾತು ತೆಗೆದರು. ಅನುಭವ ಇದ್ದವರು ಹೇಳಿ

ಮಂಡ್ಯ ಸೊಸೆ

ವಯಸ್ಸು 38, ಎಎಂಎಚ್ (ಅಂಡಾಣು ಎಷ್ಟು ಉಳಿದಿವೆ ಅಂತ ತೋರಿಸುವ ರಕ್ತಪರೀಕ್ಷೆ) 0.3, ತುಂಬಾ ಕಡಿಮೆ. ನನ್ನದೇ ಅಂಡಾಣುವಿನಲ್ಲಿ ಎರಡು ಸಲ ಐವಿಎಫ್ ಆಯಿತು, ಎರಡೂ ನಿಲ್ಲಲಿಲ್ಲ. ಡೋನರ್ ಎಗ್‌ಗೆ (ಬೇರೆ ಹೆಣ್ಣಿನ ಅಂಡಾಣು) ಹೋಗಿ ಅಂತ ಮೈಸೂರಿನ ಡಾಕ್ಟರ್ ಹೇಳಿದ್ದಾರೆ. ಯಜಮಾನರು ಒಪ್ಪಿದ್ದಾರೆ. ಅತ್ತೆಗೆ ಹೇಳಿದ್ದೇ ತಪ್ಪಾಯಿತು. "ಯಾವ ಮನೆ ಹೆಣ್ಣಿನದೋ ಏನೋ. ನಾಳೆ ಮನೆದೇವರ ಮುಂದೆ ಮಗುವಿನ ಮುಡಿ ಕೊಡುವಾಗ ಯಾರ ಕುಲ ಅಂತ ಹೇಳೋದು" ಅಂತ ಊಟ ಬಿಟ್ಟು ಕೂತಿದ್ದಾರೆ. ಮುಂದಿನ ತಿಂಗಳು 5ರೊಳಗೆ ಅಡ್ವಾನ್ಸ್ ಕಟ್ಟಬೇಕು. ನೀವು ಹಿರಿಯರನ್ನು ಹೇಗೆ ಒಪ್ಪಿಸಿದಿರಿ? ಇಲ್ಲಾ, ಬೇಡ ಅಂತ ಬಿಟ್ಟೆವು ಎಂದು ಸುಳ್ಳು ಹೇಳಿ ಮಾಡಿಸಿಕೊಂಡುಬಿಡಲಾ?

ಸರಸ್ವತಿಪುರಂ ನಿವಾಸಿ

ಮೇಡಂ, ಎಗ್ ವಿಷಯ ಸುಲಭ. ನನ್ನ ಕಥೆ ಕೇಳಿ. ತೊಂದರೆ ಇದ್ದದ್ದು ನನ್ನಲ್ಲಿ. ಮೂರು ಲ್ಯಾಬ್‌ನಲ್ಲಿ ಮೂರು ಸಲ ರಿಪೋರ್ಟ್, ಮೂರರಲ್ಲೂ ವೀರ್ಯಾಣು ನಿಲ್. 2016ರಲ್ಲಿ ಬೆಂಗಳೂರಿಗೆ ಹೋಗಿ ಮೈಕ್ರೋ ಟೀಸೆ ಮಾಡಿಸಿದೆ, ವೃಷಣದಲ್ಲೇ ವೀರ್ಯಾಣು ಹುಡುಕುವ ಆಪರೇಷನ್. 1,45,000 ರೂಪಾಯಿ, ಲಾಡ್ಜ್ ಬೇರೆ. ವಾಪಸ್ ಬರುವಾಗ ರಾಮನಗರದ ಹತ್ತಿರ ಫೋನ್ ಬಂತು, ಒಂದೂ ಸಿಕ್ಕಿಲ್ಲ ಅಂತ. ಕಾರು ನಿಲ್ಲಿಸಿ ಒಂದು ಎಳನೀರು ಕುಡಿದೆ. ನನ್ನ ಹೆಂಡತಿ ಕುಡಿಯಲಿಲ್ಲ.

ಆಮೇಲೆ ಡೋನರ್ ಸ್ಯಾಂಪಲ್‌ನಲ್ಲಿ ಐಯುಐ, ಅಂದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಹಾಕುವುದು. ನಾಲ್ಕು ಸಲ ಫೇಲ್. ಒಂದೊಂದಕ್ಕೂ ಇಂಜೆಕ್ಷನ್, ಸ್ಕ್ಯಾನ್, ಸ್ಯಾಂಪಲ್ ಎಲ್ಲಾ ಸೇರಿ 14,000 ಹತ್ತಿರ. ಐದನೆಯದು ನಿಂತಿತು. ಏಳನೇ ತಿಂಗಳವರೆಗೂ ನಾನು ನಿದ್ದೆ ಮಾಡಿಲ್ಲ. ಗೋತ್ರದ ಯೋಚನೆ. ಹುಟ್ಟಿದ ಮಗ ಪ್ರವರ ಹೇಳುವುದು ಯಾರದು? ಕೊನೆಗೆ ನಮ್ಮ ಮನೆಗೆ ಬರುವ ಹಿರಿಯ ಪುರೋಹಿತರಿಗೆ ಬಾಯಿಬಿಟ್ಟೆ. ದತ್ತು ತಂದ ಮಗುವಿಗೆ ಸಾಕಿದ ತಂದೆಯ ಗೋತ್ರವೇ ಬರುತ್ತದೆ, ಇದಕ್ಯಾಕೆ ಬರಲ್ಲ ಅಂದರು. ವಿಚಿತ್ರವೀರ್ಯನ ಹೆಂಡತಿಯರಿಗೆ ಮಕ್ಕಳಾದದ್ದು ವ್ಯಾಸರಿಂದ, ಆದರೂ ಧೃತರಾಷ್ಟ್ರನೂ ಪಾಂಡುವೂ ಕುರುವಂಶದವರೇ ಅಲ್ವಾ ಅಂದರು. ಆಮೇಲೆ, ಎಷ್ಟು ಜನಕ್ಕೆ ಗೊತ್ತು ಅಂತ ಕೇಳಿದರು. ನಿಮ್ಮನ್ನೂ ಸೇರಿಸಿ ಮೂರು ಅಂದೆ. "ಮೂರರಲ್ಲೇ ನಿಲ್ಲಿಸು" ಅಂದರು.

ಹೋದ ವರ್ಷ ಉಪನಯನ ಮಾಡಿದೆವು. ಬ್ರಹ್ಮೋಪದೇಶದ ಹೊತ್ತು, ಮಗುಟದ ಒಳಗೆ ನಾವಿಬ್ಬರೇ. ಮಂತ್ರ ಹೇಳೋಣ ಅಂತ ಅವನ ಕಿವಿ ಹತ್ತಿರ ಬಾಯಿ ತಂದರೆ "ಅಪ್ಪ, ಕಚಗುಳಿ" ಅಂದ. ನನಗೆ ಅಷ್ಟು ಸಾಕು.

ದಾನಿ ನಮ್ಮ ಪೈಕಿಯವರೇ ಆಗಿರಲಿ ಅಂತ ಮಾತ್ರ ಮೊದಲೇ ಕೇಳಿಕೊಂಡಿದ್ದೆವು. ನೀವೂ ಕೇಳಿ.

ಕಬ್ಬಿನ ಗದ್ದೆ

ಎಗ್ ವಿಷಯ ಸುಲಭ ಅಂತೆ! ಗಂಡಸರ ಬಾಯಲ್ಲಿ ಚೆನ್ನಾಗಿದೆ ಸರ್. ನಿಮಗೆ ಒಂದು ಆಪರೇಷನ್. ನನ್ನ ಸೊಂಟದ ಕೆಳಗೆ ಗರ್ಭ ನಿಲ್ಲಲಿ ಅಂತ 70 ದಿನ ದಿನಕ್ಕೊಂದು ಪ್ರೊಜೆಸ್ಟರಾನ್ ಎಣ್ಣೆ ಇಂಜೆಕ್ಷನ್. ಗಂಟು ಗಂಟು ಕಟ್ಟಿ, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೊಂಡು ಮಗ್ಗುಲಾಗಿ ಮಲಗಿದ್ದೇನೆ.

ಅಕ್ಕಾ, ನಮ್ಮದು ಪಾಂಡವಪುರದ ಕಡೆ. ನನ್ನದೂ ಡೋನರ್ ಎಗ್ಗೇ. ಲೆಕ್ಕ ಬರೆದಿಟ್ಟಿದ್ದೇನೆ. ಡೋನರ್ ಪ್ಯಾಕೇಜ್ 3,40,000. ಇದರಲ್ಲಿ ದಾನಿಯ ಇನ್ಶೂರೆನ್ಸೂ ಸೇರಿತ್ತು. ಫ್ರೋಜನ್ ಟ್ರಾನ್ಸ್‌ಫರ್ (ಫ್ರೀಜ್ ಮಾಡಿಟ್ಟ ಭ್ರೂಣ ಗರ್ಭಕೋಶಕ್ಕೆ ಹಾಕುವುದು) 65,000ದಂತೆ ಮೂರು. ಔಷಧಿ 82,000. ಓಡಾಟ ಬರೆದಿಲ್ಲ. 2019ರಲ್ಲಿ ನನ್ನ ಚಿಕ್ಕಮ್ಮನ ಮಗಳು ಮಾಡಿಸಿಕೊಂಡಾಗ ಒಬ್ಬ ದಾನಿಯ ಎಗ್ ಇಬ್ಬರಿಗೆ ಹಂಚಿದ್ದರು, ಖರ್ಚೂ ಅರ್ಧ. ಈಗ ಹಾಗಿಲ್ಲ. 2022ರ ಜನವರಿಯಿಂದ ಹೊಸ ಕಾನೂನು. ದಾನಿಗೆ 23ರಿಂದ 35 ವಯಸ್ಸು. ಜೀವನದಲ್ಲಿ ಒಂದೇ ಸಲ ಕೊಡಬೇಕು, ಏಳಕ್ಕಿಂತ ಜಾಸ್ತಿ ಎಗ್ ತೆಗೆಯುವಂತಿಲ್ಲ, ಒಬ್ಬರದು ಒಂದೇ ದಂಪತಿಗೆ. ನನ್ನ ಸ್ವಂತ ಅಕ್ಕ ಕೊಡ್ತೀನಿ ಅಂದಳು. ಕ್ಲಿನಿಕ್‌ನವರು ಒಪ್ಪಲಿಲ್ಲ, ದಾನಿಗಳ ಬ್ಯಾಂಕಿನಿಂದಲೇ ಬರಬೇಕು, ಹೆಸರು ಯಾರಿಗೂ ಗೊತ್ತಾಗಬಾರದು ಅಂದರು.

ಏಳರಲ್ಲಿ ಆರು ಬಲಿತಿದ್ದವು. ಭ್ರೂಣ ಆದದ್ದು ನಾಲ್ಕು. ಮೊದಲ ಸಲ ಎರಡು ಹಾಕಿದರು, ನೆಗೆಟಿವ್. ಎರಡನೇ ಸಲ ಬೀಟಾ (ಗರ್ಭ ನಿಂತಿದೆಯಾ ಅಂತ ನೋಡುವ ರಕ್ತಪರೀಕ್ಷೆ) 48 ಬಂತು, ಎರಡು ದಿನ ಬಿಟ್ಟು 61, ಆಮೇಲೆ ಇಳಿಯಿತು. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡ್‌ನಲ್ಲಿ ಬ್ಲೀಡಿಂಗ್ ಶುರುವಾಯಿತು. ಮೂರನೇದಕ್ಕೆ ದುಡ್ಡಿಲ್ಲ. ಕಬ್ಬಿನ ಬಿಲ್ ಐದು ತಿಂಗಳು ಬರಲಿಲ್ಲ. ಅಮ್ಮನ ಕಾಸಿನ ಸರ ಗಿರವಿ ಇಟ್ಟೆ. ಆ ಮೂರನೇದಕ್ಕೆ ಈಗ ಎರಡೂವರೆ ವರ್ಷ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸಿ ಬಂದೆವು. ಸರ ಇನ್ನೂ ಬ್ಯಾಂಕಲ್ಲೇ ಇದೆ.

ಕುಲದ ವಿಷಯ ಹೇಳ್ತೀನಿ. ಮುಡಿ ಕೊಡುವ ದಿನ ಪೂಜಾರಿ ಕೇಳಿದ್ದು ಯಾವ ಒಕ್ಕಲು, ತಂದೆ ಹೆಸರೇನು, ಅಷ್ಟೇ. ನನ್ನ ತವರಿನ ದೇವರು ಯಾವುದು ಅಂತ ಮದುವೆಯಾದ ಮೇಲೆ ಈ ಮನೆಯಲ್ಲಿ ಯಾರಾದರೂ ಕೇಳಿದ್ದಾರಾ? ತಾಯಿಯ ಕುಲ ಯಾವತ್ತೂ ಲೆಕ್ಕಕ್ಕೇ ಇರಲಿಲ್ಲ. ಈಗ ಎಗ್ ಬೇರೆಯವರದು ಅಂದ ತಕ್ಷಣ ಎಲ್ಲರಿಗೂ ನೆನಪಾಗುತ್ತದೆ.

ರೋಸಿ ಆಂಟಿ

ನಾನು ಮೈಸೂರು, ಕ್ಯಾಥೋಲಿಕ್. ನಮ್ಮ ಸಭೆಯ ಮಾತು ನೇರ. 1987ರಲ್ಲಿ ರೋಮ್‌ನಿಂದ ಬಂದ ಬೋಧನೆಯಲ್ಲೂ ಅದೇ, 2008ರ ಇನ್ನೊಂದರಲ್ಲೂ ಅದೇ. ದಾನಿಯದು ಬಿಡಿ, ಗಂಡ ಹೆಂಡತಿಯದೇ ಆದರೂ ಲ್ಯಾಬ್‌ನಲ್ಲಿ ಕೂಡಿಸುವುದು ಸರಿಯಲ್ಲ. ಫಾದರ್ ಬೈಯಲಿಲ್ಲ, ಒಂದು ಗಂಟೆ ಕೂತು ಮಾತಾಡಿದರು. ನಾನು ತಪ್ಪೊಪ್ಪಿಗೆಗೆ ಹೋಗುವುದನ್ನೇ ಒಂದು ವರ್ಷ ಬಿಟ್ಟಿದ್ದೆ, ಯಾಕೆಂದರೆ ಅಷ್ಟರಲ್ಲಿ ಒಂದು ಐವಿಎಫ್ ಸೈಕಲ್ ಮಾಡಿಸಿಯಾಗಿತ್ತು. 1,90,000 ಹೋಯಿತು. ಅತ್ತಿಗೆಗೂ ಹೇಳಿರಲಿಲ್ಲ.

ಆಮೇಲೆ ದತ್ತು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕಾರಾದಲ್ಲಿ ರಿಜಿಸ್ಟರ್ ಮಾಡಿದೆವು. ಮನೆಗೆ ಬಂದು ನೋಡಿ ವರದಿ ಬರೆಯುವ ಹೋಮ್ ಸ್ಟಡಿಗೆ 6,000, ಮಗು ಇದ್ದ ಸಂಸ್ಥೆಗೆ 40,000. ಕಾದದ್ದು ಮೂರು ವರ್ಷ ಎರಡು ತಿಂಗಳು. ಮಗಳು ಬಂದಾಗ ಎಂಟು ತಿಂಗಳ ಕೂಸು, ತಲೆಯ ಹಿಂದುಗಡೆ ಕೂದಲೇ ಇರಲಿಲ್ಲ, ಮಲಗಿಸಿಯೇ ಇಟ್ಟಿದ್ದಕ್ಕೆ. ಅಷ್ಟೊಂದು ಲಕ್ಷ ಸುರಿದು ಮಗು ಮಾಡಿಸಿಕೊಳ್ಳುವುದಕ್ಕಿಂತ, ಆಗಲೇ ಹುಟ್ಟಿರುವ ಮಗುವಿಗೆ ಮನೆ ಕೊಡಬಹುದಲ್ವಾ ಅಂತ ನನ್ನ ಅಭಿಪ್ರಾಯ.

ಕಬ್ಬಿನ ಗದ್ದೆ

ಆಂಟಿ, ನನ್ನ ಮಗ ಅಂಗಡಿಯಿಂದ ತಂದ ಸಾಮಾನಲ್ಲ. ನೀವೂ 1,90,000 ಸುರಿದ ಮೇಲೇ ಅಲ್ವಾ ಬುದ್ಧಿ ಬಂದದ್ದು?

ರೋಸಿ ಆಂಟಿ

ಬುದ್ಧಿ ಅಂತ ನಾನು ಅಂದಿಲ್ಲ. ನೀವೇ ಎಳೆದುಕೊಳ್ಳುತ್ತಿದ್ದೀರಿ. ದತ್ತು ತಂದವರನ್ನು ಕಂಡರೆ ಕೆಲವರಿಗೆ ಮೈ ಉರಿ.

ಉದಯಗಿರಿ ಭಾಯಿ

ಜಗಳ ಬೇಡ. ನಾವು ನಾಲ್ಕು ಸೈಕಲ್ ಮಾಡಿಸಿದೆವು, ನಾಲ್ಕೂ ನಮ್ಮಿಬ್ಬರದೇ. 7,20,000 ಆಯಿತು, ಸ್ಕ್ರ್ಯಾಪ್ ಅಂಗಡಿಯ ಮುಂಗಡ ವಾಪಸ್ ತಗೊಂಡು ಕೊಟ್ಟೆ. ಮೂರನೇದು ಒಂಬತ್ತು ವಾರಕ್ಕೆ ಹೋಯಿತು. ಡಾಕ್ಟರ್ ಡೋನರ್ ಅಂದಾಗ ಎದ್ದು ಬಂದುಬಿಟ್ಟೆವು. ನಿಕಾಹ್ ಒಳಗಿನದು ಮಾತ್ರ ಆಗುತ್ತದೆ, ಮೂರನೆಯವರು ಸೇರುವಂತಿಲ್ಲ. 1980ರಲ್ಲೇ ಈಜಿಪ್ಟಿನ ದೊಡ್ಡ ಸುನ್ನಿ ವಿದ್ಯಾಕೇಂದ್ರ ಅಲ್ ಅಜ್ಹರ್‌ನವರು ಇದನ್ನೇ ಹೇಳಿದ್ದಾರೆ. ಮಗುವಿನ ವಂಶ ಕಲಸಬಾರದು ಅಂತ.

ತಮ್ಮನ ಮಗ ಹುಟ್ಟಿದ ಹದಿನೈದು ದಿನಕ್ಕೆ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಮಾತ್ರೆ ತೆಗೆದುಕೊಂಡು, ಪಂಪ್ ಇಟ್ಟುಕೊಂಡು, ಆರು ವಾರ ಒದ್ದಾಡಿ ಎದೆಹಾಲು ತರಿಸಿಕೊಂಡಳು. ಎರಡು ವರ್ಷದೊಳಗೆ ಹಾಲು ಕುಡಿದರೆ ಹಾಲಿನ ಮಗ. ದೊಡ್ಡವನಾದ ಮೇಲೆ ಅವಳು ಅವನೆದುರು ಪರದೆ ಮಾಡಬೇಕಿಲ್ಲ. ಮೊದಲ ದಿನ ಬಂದದ್ದು ಒಂದು ಚಮಚ.

ಸರಸ್ವತಿಪುರಂ ನಿವಾಸಿ

ಆದರೆ ಇರಾನ್‌ನಲ್ಲಿ 1999ರಲ್ಲೇ ಖಮೇನಿ ಡೋನರ್ ಎಗ್‌ಗೆ ಅನುಮತಿ ಕೊಟ್ಟಿದ್ದರಲ್ಲ? ನಿಮ್ಮಲ್ಲೂ ದಾರಿ ಇದೆ.

ಉದಯಗಿರಿ ಭಾಯಿ

ಅವರು ಶಿಯಾ, ನಾವು ಸುನ್ನಿ. ನಮ್ಮ ದೀನ್ ನಮಗೆ ಗೊತ್ತು ಸರ್. ನೀವು ನಿಮ್ಮ ಪುರೋಹಿತರನ್ನು ಕೇಳಿದಿರಿ, ನಾನು ನಮ್ಮ ಮೌಲಾನಾರನ್ನು ಕೇಳಿದೆ. ಇರಾನ್ ಯಾಕೆ ಮಧ್ಯೆ?

ಹೆಸರು ಬೇಡ

ಎಲ್ಲರೂ ತಗೊಂಡವರು, ಬಿಟ್ಟವರು. ನಾನು ಕೊಟ್ಟವಳು. 2018, ಈ ಕಾನೂನು ಬರುವ ಮೊದಲು. ಗಂಡನ ಆಟೋ ಸಾಲ ಇತ್ತು. ಹನ್ನೊಂದು ದಿನ ಹೊಟ್ಟೆಗೆ ಇಂಜೆಕ್ಷನ್, 16 ಎಗ್ ತೆಗೆದರು. 30,000 ಅಂದಿದ್ದರು, ಕೈಗೆ ಬಂದದ್ದು 22,000. ಉಳಿದದ್ದು ಏಜೆಂಟ್ ಹೆಂಗಸಿಗೆ.

ನಮ್ಮ ಪೈಕಿಯವರೇ ಬೇಕು ಅಂತ ಒಬ್ಬರು ಮೇಲೆ ಬರೆದಿದ್ದಾರೆ. ಫಾರಂನಲ್ಲಿ ಜಾತಿ ಅಂತ ಒಂದು ಗೆರೆ ಇತ್ತು. ನಾನು ನನ್ನದನ್ನು ಹೇಳಿದೆ. ಏಜೆಂಟ್ ಪೆನ್ನು ಕಿತ್ತುಕೊಂಡು ಬೇರೆಯದು ಬರೆದಳು. "ಇದು ಜಾಸ್ತಿ ಓಡುತ್ತೆ" ಅಂದಳು. ಯಾವುದು ಅಂತ ಹೇಳಲ್ಲ.

ಸರಸ್ವತಿಪುರಂ ನಿವಾಸಿ

ಇದು ಬೇಜವಾಬ್ದಾರಿ ಮಾತು. ನಮಗೆ ಬ್ಯಾಂಕಿನವರು ಲಿಖಿತವಾಗಿ ಕೊಟ್ಟಿದ್ದಾರೆ. ಮೇಲಾಗಿ ನಮ್ಮದು ವೀರ್ಯ, ನಿಮ್ಮದು ಎಗ್. ಬೇರೆ ಬೇರೆ.

ಹೆಸರು ಬೇಡ

ನನ್ನದೂ ಲಿಖಿತವೇ ಸರ್.

ಕಬ್ಬಿನ ಗದ್ದೆ

😂 ಸರ್, ಎಳನೀರು ಕುಡಿಯಿರಿ.

ಸರಸ್ವತಿಪುರಂ ನಿವಾಸಿ

ನನ್ನ ಮಗನ ವಿಷಯದಲ್ಲಿ ತಮಾಷೆ ಬೇಡ. ಹೇಳಬಾರದಿತ್ತು. ಇದು ನಾಲ್ಕನೆಯವರಿಗೆ ಹೇಳಿದ್ದರ ಫಲ.

ಕಬ್ಬಿನ ಗದ್ದೆ

ಮಗನ ಬಗ್ಗೆ ನಕ್ಕಿಲ್ಲ. ತಪ್ಪಾಗಿ ತಿಳಿಯಬೇಡಿ. ಮಂಡ್ಯದ ಅಕ್ಕಾ, ನನ್ನ ಹತ್ತಿರ ಆರು ಪ್ರೊಜೆಸ್ಟರಾನ್ ಇಂಜೆಕ್ಷನ್ ಉಳಿದಿವೆ, ಬೇಕಾ?

ರೋಸಿ ಆಂಟಿ

ಹಳೇ ಇಂಜೆಕ್ಷನ್ ಕೊಡ್ತೀನಿ ಅಂತೀರಲ್ಲ, ಡೇಟ್ ನೋಡಿದ್ದೀರಾ?

ಕಬ್ಬಿನ ಗದ್ದೆ

ನೋಡಿದೆ. ಮುಗಿದಿದೆ. ಬೇಡ ಬಿಡಿ.

ಮಂಡ್ಯ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಕೇಳಿದ್ದು ಅತ್ತೆ ವಿಷಯ, ಪರವಾಗಿಲ್ಲ. ರಾತ್ರಿ ಇದನ್ನೆಲ್ಲಾ ಅತ್ತೆಗೆ ಓದಿ ಹೇಳಿದೆ. ಪೂಜಾರಿ ತಂದೆ ಹೆಸರು ಮಾತ್ರ ಕೇಳ್ತಾರೆ ಅನ್ನುವ ಕಡೆ ಹೂಂ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ವ್ಯಾಸರ ಕಥೆ ನನಗೂ ಗೊತ್ತು ಅಂದರು. ಹೆಸರು ಬೇಡ ಅನ್ನುವವರದ್ದು ಓದಿದಾಗ ಎರಡು ಸಲ ಓದಿಸಿದರು. ಬೆಳಿಗ್ಗೆ ಹುರುಳಿಕಾಯಿ ಮುರಿಯುತ್ತಾ, ಆ ಹುಡುಗಿಗೆ ನೋವಾಯಿತಂತಾ ಕೇಳು ಅಂದರು. ಕೇಳ್ತಾ ಇದ್ದೀನಿ.

ಹೆಸರು ಬೇಡ

ತೆಗೆಯುವಾಗ ಗೊತ್ತಾಗಲಿಲ್ಲ, ಮತ್ತು ಬರಿಸಿದ್ದರು. ಆಮೇಲೆ ನಾಲ್ಕು ದಿನ ಹೊಟ್ಟೆ ಉಬ್ಬಿ ಸೀರೆ ಕಟ್ಟಲು ಆಗಲಿಲ್ಲ. ಮನೆಯಲ್ಲಿ ಗ್ಯಾಸ್ ಅಂತ ಹೇಳಿದ್ದೆ. ನಿಮ್ಮ ಅತ್ತೆಯವರಿಗೆ ಹೇಳಿ, ಇದನ್ನು ಕೇಳಿದ್ದು ಅವರೊಬ್ಬರೇ.